ಆಂಟೆನಾ ಕಂಬವೂ ಸೊಂಟನೋವೂ

ಎಂಬತ್ತರ ದಶಕದಲ್ಲಿ ತಾರಸಿಗಳ ಮೇಲೆ ಟಿ.ವಿ. ಆಂಟೆನಾ ಕಂಬಗಳು ನಿಂತಿರುತ್ತಿದ್ದವು. ಅವನ್ನು ನೆಟ್ಟಗೆ ಹಿಡಿದಿದ್ದದ್ದು ಸುತ್ತ ಬಿಗಿದ ತಂತಿಗಳು. ಒಂದು ತಂತಿ ಸಡಿಲಾದರೂ ಕಂಬ ವಾಲುತ್ತಿತ್ತು.

ನಮ್ಮ ಬೆನ್ನುಮೂಳೆಯೂ ಅಂಥದೇ ಕಂಬ. 1992ರಲ್ಲಿ ಸಂಶೋಧಕರಾದ ಕ್ರಿಸ್ಕೊ, ಮನೋಹರ ಪಂಜಾಬಿ ಮತ್ತು ಸಂಗಡಿಗರು ಸೊಂಟಭಾಗದ ಬೆನ್ನುಮೂಳೆಯನ್ನು ಸ್ನಾಯುಗಳಿಲ್ಲದೆ ಪರೀಕ್ಷಿಸಿದರು. ಸುಮಾರು 9 ಕಿಲೋ ಭಾರಕ್ಕೇ ಅದು ಬಾಗಿಹೋಯಿತು. ಅದೇ ಸೊಂಟದ ಬಲದಲ್ಲಿ ನಾವು ಅಕ್ಕಿಮೂಟೆ ಎತ್ತುತ್ತೇವೆ! ಹೊಟ್ಟೆಯನ್ನು ಪಟ್ಟಿಯಂತೆ ಸುತ್ತಿದ ಒಳಸ್ನಾಯು, ಕಶೇರುಗಳಿಗೆ ಅಂಟಿದ ಕಿರುಸ್ನಾಯುಗಳು, ಮೇಲೆ ವಪೆ (ಡಯಾಫ್ರಮ್), ಕೆಳಗೆ ಶ್ರೋಣಿತಳ ಸೇರಿ ತಂತಿಗಳ ಕೆಲಸ ಮಾಡುತ್ತವೆ. ಈ ತಂಡವೇ ‘ಕೋರ್’.

ದಿನವಿಡೀ ಕುರ್ಚಿಯಲ್ಲಿ ಕೂತವರಲ್ಲಿ ಈ ತಂತಿಗಳ ಎಳೆತ ಹದ ತಪ್ಪಬಹುದು. ಜೆಕ್ ವೈದ್ಯ ವ್ಲಾದಿಮಿರ್ ಯಾಂಡಾ ಇದರ ಒಂದು ಮಾದರಿಯನ್ನು ಗುರುತಿಸಿದರು: ತೊಡೆಸಂದಿನ ಮುಂಭಾಗ ಮತ್ತು ಕೆಳಬೆನ್ನು ಬಿಗಿ, ಹೊಟ್ಟೆ ಮತ್ತು ಪೃಷ್ಠ ಸಡಿಲ. ಆಗ ಸೊಂಟದ ಕಮಾನು ಆಳವಾಗಿ ಹೊಟ್ಟೆ ಮುಂದೆ ಬರುತ್ತದೆ. ಹಾಗೆಂದು ವಾಲಿದ ಕಂಬವೆಲ್ಲ ಬೀಳುವುದಿಲ್ಲ. ಭಂಗಿ ಸರಿಯಿಲ್ಲದ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ.

ಈ ತಂತಿಗಳನ್ನು ಹದಕ್ಕೆ ತರುವುದು ಹೇಗೆ? ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಒತ್ತುಕೊಟ್ಟಿದ್ದು ಸ್ನಾಯುವಿನ ಬಲಕ್ಕಿಂತ ತಾಳಿಕೆಗೆ. ಅವರು ಹೇಳುವ ‘ಬರ್ಡ್ ಡಾಗ್’ ವ್ಯಾಯಾಮ ಸರಳ: ಅಂಬೆಗಾಲಿಟ್ಟ ಮಗುವಿನಂತೆ ನಿಂತು, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ, ಸೊಂಟ ಅಲುಗದಂತೆ 10 ಸೆಕೆಂಡ್ ನಿಲ್ಲಿ; ಬಳಿಕ ಕೈಕಾಲು ಬದಲಿಸಿ. ಇನ್ನೊಂದು ‘ಸೈಡ್ ಪ್ಲ್ಯಾಂಕ್’: ಪಕ್ಕಕ್ಕೆ ಮಲಗಿ, ಮೊಣಕೈ ಮತ್ತು ಮಡಿಸಿದ ಮಂಡಿಯ ಆಸರೆಯಲ್ಲಿ ಸೊಂಟ ಎತ್ತಿ ಹಿಡಿಯುವುದು. ಪೃಷ್ಠಕ್ಕೆ ನಮ್ಮ ಸೇತುಬಂಧಾಸನವೇ ಸಾಕು. ಒಂದು ಮಂಡಿ ನೆಲಕ್ಕೂರಿ, ಸೊಂಟವನ್ನು ಮೆಲ್ಲನೆ ಮುಂದೆ ತಂದರೆ ತೊಡೆಸಂದಿನ ಬಿಗಿತ ಸಡಿಲುತ್ತದೆ. ಯಾವುದರಲ್ಲೂ ಉಸಿರು ಕಟ್ಟಬೇಡಿ.

ಕಾಲಿನಲ್ಲಿ ಬಲ ಕುಂದಿದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅಥವಾ ನೋವಿನ ಜೊತೆ ಜ್ವರವಿದ್ದರೆ ವ್ಯಾಯಾಮ ಬಿಟ್ಟು ತಕ್ಷಣ ವೈದ್ಯರಲ್ಲಿಗೆ ಹೋಗಿ.

ಹಳೆಯ ಸೊಂಟನೋವಿಗೆ ಇತರ ವ್ಯಾಯಾಮಗಳಿಗಿಂತ ಕೋರ್ ವ್ಯಾಯಾಮವೇ ಮೇಲು ಎಂದು ಸಂಶೋಧನೆ ಖಚಿತವಾಗಿ ಹೇಳಿಲ್ಲ. ಬಿಡದೆ ಮಾಡುವುದೇ ಮುಖ್ಯ. ಆಂಟೆನಾ ತಂತಿಯನ್ನು ಒಮ್ಮೆ ಬಿಗಿದರೆ ಮುಂದಿನ ಗಾಳಿಮಳೆವರೆಗೆ ಚಿಂತೆಯಿಲ್ಲ. ಸ್ನಾಯು ಹಾಗಲ್ಲ, ದುಡಿಸುವುದನ್ನು ನಿಲ್ಲಿಸಿದರೆ ಗಾಳಿಯೇ ಬೀಸದಿದ್ದರೂ ಸಡಿಲಾಗುತ್ತದೆ.