ಉಡುಗೊರೆಗೆ ದಿಂಬಿನ ಗವಸು

ಮದುವೆ, ಗೃಹಪ್ರವೇಶಗಳಲ್ಲಿ ಬಂದ ಉಡುಗೊರೆಗಳು ಬಹುಮಟ್ಟಿಗೆ ಪೆಟ್ಟಿಗೆಯನ್ನು ಸೇರುವುವು. ಕೈಯಾರೆ ಹೊಲಿದ ದಿಂಬಿನ ಗವಸಾದರೋ ಪ್ರತಿ ರಾತ್ರಿಯೂ ಬಳಕೆಗೆ ಬರುವ ವಸ್ತು. ಆದುದರಿಂದ ಅಂದಕ್ಕಿಂತ ಮೊದಲು ಬಳಸುವವರ ಸುಖವನ್ನು ನೆನೆಯತಕ್ಕದ್ದು.

ಇದಕ್ಕೆ ಹತ್ತಿಯ ಬಟ್ಟೆಯೇ ಉತ್ತಮ. ಕತ್ತರಿಸುವ ಮುನ್ನ ಅದನ್ನು ನೀರಿನಲ್ಲಿ ನೆನೆಯಿಟ್ಟು ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಗವಸು ಕುಗ್ಗಿ ದಿಂಬಿಗೆ ಸಾಲದಾಗುವುದು.

ದಿಂಬು 26 ಅಂಗುಲ ಉದ್ದ, 16 ಅಂಗುಲ ಅಗಲವಿದ್ದರೆ, 60 ಅಂಗುಲ ಉದ್ದ, 18 ಅಂಗುಲ ಅಗಲದ ಒಂದೇ ತುಂಡು ಸಾಕು. ಉದ್ದದಲ್ಲಿ 52 ಅಂಗುಲ ಎರಡು ಮೈಗಳಿಗೆ, 6 ಅಂಗುಲ ಬಾಯಿಯ ಒಳಮಡಿಕೆಗೆ, 2 ಅಂಗುಲ ಅಂಚುಗಳಿಗೆ. ಅಗಲದಲ್ಲಿ 1 ಅಂಗುಲ ಸಡಿಲಕ್ಕೆ, 1 ಅಂಗುಲ ಹೊಲಿಗೆಗೆ. ಒಳಮಡಿಕೆಯಿರುವುದರಿಂದ ಕೆನ್ನೆಗೆ ಒತ್ತುವ ಗುಂಡಿಗಳು ಬೇಕಿಲ್ಲ.

ಹೆಸರಿನ ಅಕ್ಷರವನ್ನು ಮಗ್ಗುಲುಗಳನ್ನು ಕೂಡಿಸುವ ಮೊದಲೇ ಹೊಲಿಯಬೇಕು. ಧಾರವಾಡದ ಕಡೆಯ ಕಸೂತಿಯಲ್ಲಿನ ಗವಂತಿ ಹೊಲಿಗೆ ಇದಕ್ಕೆ ಬಲು ಒಪ್ಪುವುದು. ಬಟ್ಟೆಯ ಎಳೆಗಳನ್ನೆಣಿಸಿ ಎಡೆಬಿಟ್ಟು ಹೊಲಿಯುತ್ತ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿ ಆ ಎಡೆಗಳನ್ನು ತುಂಬುವರು. ಗಂಟು ಹಾಕುವುದಿಲ್ಲ, ಒಳಮೈಯೂ ಹೊರಮೈಯೂ ಒಂದೇ ಬಗೆಯಾಗಿ ಕಾಣುವುವು. ಈ ಹೊಲಿಗೆಯ ಗೆರೆಗಳು ನೇರವಾಗಿ ಇಲ್ಲವೆ ಓರೆಯಾಗಿ ಸಾಗುವುದರಿಂದ, ಕನ್ನಡದ ದುಂಡಕ್ಷರವನ್ನು ಮೊದಲು ಚೌಕಳಿ ಕಾಗದದ ಮೇಲೆ ಬರೆದುಕೊಳ್ಳುವುದು ಲೇಸು. ನೂಲನ್ನು ಒದ್ದೆಯಾದ ಬಿಳಿಯ ಬಟ್ಟೆಗೆ ಉಜ್ಜಿ, ಬಣ್ಣ ಬಿಡದೆಂಬುದನ್ನು ಖಚಿತಪಡಿಸಿಕೊಳ್ಳಿರಿ. ಅಕ್ಷರವು ಮೂಲೆಯಲ್ಲಿರಲಿ, ತಲೆಯಿಡುವ ನಡುಭಾಗ ನುಣುಪಾಗಿರಲಿ.

ಕೇಳುಗರೇ, ಹೆಸರನ್ನು ಹೊಲಿದ ಮಾತ್ರಕ್ಕೆ ಗವಸು ಅವರದಾಗದು. ಅವರ ದಿಂಬಿನ ಅಳತೆಯನ್ನು ಮೊದಲೇ ತಿಳಿದು ಹೊಲಿದಾಗಲೇ ಅದು ನಿಜವಾಗಿ ಅವರದು.