ಮೊಳಕೆಯಿಂದ ಬೇರಿನವರೆಗೆ

ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲಿನ ಸುತ್ತಮುತ್ತ ಶೇಂಗಾ ಬಿತ್ತುವವರಿಗೆ ಮೊಳಕೆ ಕಂಡ ಮಾತ್ರಕ್ಕೆ ಬೆಳೆ ಕೈಗೆ ಬಂದಂತಲ್ಲ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನವು. ಒಂದು ಹದ ಮಳೆಗೆ ಹೊಲವೆಲ್ಲ ಹಸಿರಾಗುತ್ತದೆ. ಆಮೇಲೆ ಮೋಡ ಮುಖ ತೋರಿಸದಿದ್ದರೆ ಕಲ್ಲು ಹೆಚ್ಚಿರುವ ಕಡೆಯ ಸಾಲುಗಳೇ ಮೊದಲು ಬಾಡುತ್ತವೆ. ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲೂ ಹೀಗೇ ಆಗುತ್ತದೆ: ಬಂಡೆಯ ನೆಲಕ್ಕೆ ಬಿದ್ದ ಬೀಜ ಬೇಗನೆ ಮೊಳೆತು, ಬೇರಿಲ್ಲದ ಕಾರಣ ಬಿಸಿಲೇರುತ್ತಲೇ ಒಣಗುತ್ತದೆ. ಗಲಿಲಾಯದ ಜನರಿಗೆ ಹೇಳಿದ ಆ ಮಾತು ಈ ಸೀಮೆಯ ರೈತರಿಗೆ ಯಾವ ವಿವರಣೆಯೂ ಇಲ್ಲದೆ ಅರ್ಥವಾದೀತು.

ನಂಬಿಕೆಯ ಹೊಸತರಲ್ಲಿ ಉತ್ಸಾಹಕ್ಕೆ ಕೊರತೆ ಇರುವುದಿಲ್ಲ. ದೀಕ್ಷಾಸ್ನಾನದ ಸಂಭ್ರಮ, ಉಜ್ಜೀವನ ಕೂಟದ ಕಣ್ಣೀರು, ಕ್ರಿಸ್ಮಸ್ ರಾತ್ರಿಯ ಹಾಡು, ಎಲ್ಲವೂ ನಿಜವೇ. ಆದರೆ ಸಾಲ ತೀರದ ವರ್ಷ, ಮನೆಯಲ್ಲಿ ಕಾಯಿಲೆ ಬಿದ್ದ ತಿಂಗಳು, ಪ್ರಾರ್ಥನೆಗೆ ಉತ್ತರವೇ ಬಾರದ ದಿನ ಬಂದಾಗ ಏನು ಉಳಿಯುತ್ತದೆ?

ದೀಕ್ಷಾಸ್ನಾನ ಆದ ಮೇಲೆ

ಈ ಪ್ರಶ್ನೆಯನ್ನು ಬದುಕಿನಲ್ಲೇ ಎದುರಿಸಿದವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸುವುದನ್ನು ಊರು ಒಪ್ಪದ ಕಾಲದಲ್ಲಿ ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಅದನ್ನು ಕಲಿಸಿದರು. ಊರೂರು ಸುತ್ತಿ ಪುರಾಣ ಹೇಳುತ್ತಿದ್ದ ಆ ಕುಟುಂಬವನ್ನು ಬರ ಮುರಿದುಹಾಕಿತು. ರಮಾಬಾಯಿ ತಂದೆ ತಾಯಿಯನ್ನು ಹಸಿವಿಗೆ ಒಪ್ಪಿಸಬೇಕಾಯಿತು.

ಮದುವೆಯಾದ ಮೇಲೆ ಅಸ್ಸಾಮಿನ ಸಿಲ್ಚಾರಿನಲ್ಲಿ, ಮನೆಯ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಅವರ ಕಣ್ಣಿಗೆ ಬಿತ್ತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಯಿತು. ಅಲ್ಲಿಗೆ ಕಥೆ ಮುಗಿಯಿತು ಎಂದು ಯಾರಾದರೂ ಅಂದುಕೊಂಡಾರು. ರಮಾಬಾಯಿ ಹಾಗೆ ಅಂದುಕೊಳ್ಳಲಿಲ್ಲ. 1907ರಲ್ಲಿ ಬರೆದ ಸಾಕ್ಷಿಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ: ಕ್ರೈಸ್ತ ಧರ್ಮ ತಮಗೆ ದಕ್ಕಿತ್ತು, ಆದರೆ ಆ ಧರ್ಮದ ಜೀವವಾದ ಕ್ರಿಸ್ತನೇ ತಮಗೆ ಬೇಕಾಗಿದ್ದಾನೆ ಎಂದು ಅರಿವಾದದ್ದು ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳಾದ ಮೇಲೆ. ಅಷ್ಟರಲ್ಲಿ ಅವರು ದೇಶವೆಲ್ಲ ಬಲ್ಲ ವಿದುಷಿ, ಮುಂಬೈಯಲ್ಲಿ 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದವರು. ಅಂಥವರೂ ಒಳಗಿನ ಒಣತನವನ್ನು ಒಪ್ಪಿಕೊಂಡು ಮತ್ತೆ ವಿದ್ಯಾರ್ಥಿನಿಯಂತೆ ಸತ್ಯವೇದದ ಮುಂದೆ ಕೂತರು ಎಂಬುದು ನನಗೆ ಅವರ ಎಲ್ಲ ಸಾಧನೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಬೇರು ಇಳಿದದ್ದು ಲೋಕಕ್ಕೆ ಗೊತ್ತಾದದ್ದು ಬರಗಾಲದಲ್ಲಿ. 1896-97ರ ಕ್ಷಾಮದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ, ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಪುಣೆ ಬಳಿಯ ಕೇಡಗಾಂವಿಗೆ ಕರೆತಂದರು. ಅಲ್ಲಿ ಅವರಿಗೆ ಸಿಕ್ಕ ಆಶ್ರಯವೇ ಮುಕ್ತಿ ಮಿಷನ್. ಮಗಳು ಮನೋರಮಾ ಅವರ ನೆರವಿನಿಂದ ಮುಂದೆ ನಮ್ಮ ಕಲಬುರಗಿಯಲ್ಲೂ ಶಾಲೆಯೊಂದು ಎದ್ದಿತು. ಹಸಿವು ಏನೆಂದು ಬಲ್ಲವರು ಹಸಿದವರ ಕೈ ಹಿಡಿದರು. ಜೊತೆಗೆ ಹೀಬ್ರೂ, ಗ್ರೀಕ್ ಕಲಿತು, ಹೆಚ್ಚು ಓದದ ಹೆಂಗಸರಿಗೂ ತಿಳಿಯುವಂತೆ ಬೈಬಲನ್ನು ಸರಳ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ.

ಬಳ್ಳಾರಿಯ ತಾಳ್ಮೆ

ಮನಸ್ಸು ಅಳುವುದೂ ನಗುವುದೂ ಮನೆಮಾತಿನಲ್ಲಿ. ಪ್ರಾರ್ಥನೆಯೂ ಅದರಲ್ಲೇ ಆಳಕ್ಕಿಳಿಯುತ್ತದೆ. ಸತ್ಯವೇದ ನಮ್ಮ ಕನ್ನಡಕ್ಕೆ ಬಂದ ಕಥೆಯೂ ತಾಳ್ಮೆಯದೇ. ರಾಂಪುರ ದಾಟಿ ಮುಂದೆ ಹೋದರೆ ಸಿಗುವ ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದದ್ದು 1810ರಲ್ಲಿ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1831 ಆಗಿತ್ತು. ಎರಡು ದಶಕ ಭಾಷೆ ಕಲಿಯುತ್ತಾ, ಬರೆಯುತ್ತಾ, ತಿದ್ದುತ್ತಾ ಕಳೆದ ಆ ತಾಳ್ಮೆಯ ಫಲ ಇಂದು ನಮ್ಮ ಮನೆಗಳಲ್ಲಿದೆ. ಮುಂದೆ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್, 1894ರಲ್ಲಿ ಕನ್ನಡಕ್ಕೆ ಮಹಾ ನಿಘಂಟು ಕೊಟ್ಟವರು, ಕ್ರಿಸ್ತನ ಚರಿತೆಯನ್ನು 'ಕಥಾಮಾಲೆ'ಯಾಗಿ ನಮ್ಮದೇ ಛಂದಸ್ಸಿನಲ್ಲಿ ಹಾಡಿದರು.

ದಿನದಿನದ ಸಾಧನೆ

ಈಗ ಮೊಬೈಲಿನಲ್ಲಿ ಪ್ರಸಂಗಗಳಿಗೆ ಬರವಿಲ್ಲ. ಕೇಳಿದ್ದೆಲ್ಲ ಒಳಗಿಳಿಯುವುದಿಲ್ಲ ಅಷ್ಟೇ. ಹಳ್ಳಿಮನೆಯ ಕುಟುಂಬ ಪ್ರಾರ್ಥನೆಯನ್ನು ನೋಡಿ: ಚಾಪೆ ಹಾಸಿದೆ, ದಿನಪತ್ರಿಕೆಯ ರಟ್ಟು ಹಾಕಿದ ಸತ್ಯವೇದ ಅಜ್ಜಿಯ ತೊಡೆಯ ಮೇಲಿದೆ, ಬೆರಳು ಸಾಲಿನಿಂದ ಸಾಲಿಗೆ ನಿಧಾನವಾಗಿ ಸರಿಯುತ್ತಿದೆ. ಮೊಮ್ಮಗು ತಪ್ಪು ಓದಿದರೆ ಅಜ್ಜಿ ನೋಡದೆಯೇ ತಿದ್ದುತ್ತಾಳೆ, ಏಕೆಂದರೆ ಆ ಅಧ್ಯಾಯ ಅವಳಿಗೆ ಬಾಯಿಪಾಠ. ಕಷ್ಟದ ಗಳಿಗೆಯಲ್ಲಿ ಪುಸ್ತಕ ತೆರೆಯಲು ಪುರುಸೊತ್ತು ಸಿಗದು. ಆಗ ನೆರವಿಗೆ ಬರುವುದು ಹೀಗೆ ಬಾಯಿಪಾಠವಾದ ಮಾತೇ.

ಒಬ್ಬರೇ ಬೆಳೆಯುವುದೂ ಕಷ್ಟ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ 1.87ರಷ್ಟು ಮಾತ್ರ. ಒಳನಾಡಿನ ಎಷ್ಟೋ ಊರುಗಳಲ್ಲಿ ಸಭೆ ಎಂದರೆ ಬೆರಳೆಣಿಕೆಯ ಮನೆಗಳು. ಬೆಂಗಳೂರಿಗೆ ಗುಳೆ ಹೋದ ಮಗನಿಗೆ ಅಲ್ಲಿನ ಸಭೆಯಲ್ಲಿ ಒಬ್ಬರಾದರೂ ಹೆಸರು ಹಿಡಿದು ಕರೆಯುವವರು ಸಿಗಲಿ, ಊರಲ್ಲಿ ಉಳಿದ ತಾಯಿಯನ್ನು ಭಾನುವಾರ ಆರಾಧನೆಗೆ ಕರೆದೊಯ್ಯುವವರು ಇರಲಿ. ಸಭಾಪಾಲಕರ ಪ್ರಸಂಗದಷ್ಟೇ ಇದೂ ಮುಖ್ಯ.

ನಂಬಿಕೆ ಬೆಳೆದಿದೆಯೇ ಎಂದು ಪರೀಕ್ಷಿಸಲು ಕೂಟಗಳ ಲೆಕ್ಕ ಸಾಲದು. ಸಿಟ್ಟು ಕಡಿಮೆಯಾಗಿದೆಯೇ, ಮಾತು ಬಿಟ್ಟ ಅಣ್ಣನ ಮನೆಗೆ ಹೋಗಿಬಂದೆವೇ, ಜಾತಿ ಧರ್ಮ ಕೇಳದೆ ಪಕ್ಕದ ಮನೆಯವರ ಕಷ್ಟಕ್ಕೆ ನಿಂತೆವೇ ಎಂದು ಕೇಳಿಕೊಳ್ಳಬೇಕು. ರಮಾಬಾಯಿಯವರ ಭಕ್ತಿಯನ್ನು ಬರಗಾಲ ಅಳೆದದ್ದೂ ಹೀಗೆಯೇ. ಕಷ್ಟ ಬಂದ ಮೇಲೆ ಸಿದ್ಧತೆಗೆ ಸಮಯವಿರುವುದಿಲ್ಲ. ಇವತ್ತು ಸಂಜೆ ಊಟಕ್ಕೆ ಮುಂಚೆ ಮನೆಯವರೆಲ್ಲ ಕೂತು ಒಂದು ಅಧ್ಯಾಯ ಓದೋಣ, ಓದಿದ್ದರಲ್ಲಿ ಒಂದು ಮಾತನ್ನಾದರೂ ನಾಳೆ ಬೆಳಗ್ಗೆ ನಡೆದು ತೋರಿಸೋಣ.