ಬೆಳಿಗ್ಗೆ ಬಿಳಿ, ಸಂಜೆಗೆ ಕೆಂಪು: ಬೆಟ್ಟದಾವರೆ ಬೆಳೆಸುವ ಬಗೆ

ನಮ್ಮ ಹಿತ್ತಲಿನಲ್ಲಿ ಒಂದು ಗಿಡವಿದೆ. ನಾನು ಕಾಲೇಜಿಗೆ ಹೊರಡುವಾಗ ಅದರ ಹೂ ಹಾಲಿನಂತೆ ಬಿಳಿ. ಮಧ್ಯಾಹ್ನ ಗುಲಾಬಿ. ಮಗ್ರಿಬ್ ಹೊತ್ತಿಗೆ ಕಡುಗೆಂಪು. ಮರುದಿನ ಮುದುಡಿ ಉದುರುತ್ತದೆ. ನಿನ್ನೆಯ ಕೆಂಪು ಹೂ, ಇಂದಿನ ಬಿಳಿ ಹೂ ಅಕ್ಕಪಕ್ಕ ಇರುವುದರಿಂದ ಹೊಸಬರು ಇದು ಕಸಿ ಮಾಡಿದ ಗಿಡ ಎಂದುಕೊಳ್ಳುತ್ತಾರೆ.

ನನ್ನ ದಾದಿ ಇದನ್ನು ‘ಗುಲೇ ಅಜಾಯಬ್’ ಎನ್ನುತ್ತಾರೆ, ಅಂದರೆ ಅಚ್ಚರಿಯ ಹೂ. ಕನ್ನಡದಲ್ಲಿ ಬೆಟ್ಟದಾವರೆ, ಸಂಸ್ಕೃತದಲ್ಲಿ ಸ್ಥಲಪದ್ಮ. ಹೆಸರಿನಲ್ಲಿ ತಾವರೆ ಇದ್ದರೂ ಇದು ದಾಸವಾಳದ ಜಾತಿ. ವೈಜ್ಞಾನಿಕ ಹೆಸರು ಹಿಬಿಸ್ಕಸ್ ಮ್ಯುಟಬಿಲಿಸ್. 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಮ್ಯುಟಬಿಲಿಸ್ ಎಂದರೆ ಬದಲಾಗುವಂಥದ್ದು. ಮೂಲ ದಕ್ಷಿಣ ಚೀನಾ. ಅಲ್ಲಿನ ಚೆಂಗ್ಡು ನಗರದ ಅಧಿಕೃತ ಹೂ ಇದೇ. ನಾವು ರೊಟ್ಟಿ ಜೊತೆ ತಿನ್ನುವ ಪುಂಡಿ ಕೂಡ ಹಿಬಿಸ್ಕಸ್ಸೇ. ಹತ್ತಿ, ಬೆಂಡೆ ಇದೇ ಕುಟುಂಬದವು.

ಬಣ್ಣ ಏಕೆ ಬದಲಾಗುತ್ತದೆ? ಹೂ ಅರಳಿದ ಮೇಲೆ ದಳಗಳಲ್ಲಿ ಆಂಥೋಸಯನಿನ್ ಎಂಬ ಕೆಂಪು ಬಣ್ಣದ ವಸ್ತು ತಯಾರಾಗುತ್ತಾ ಹೋಗುತ್ತದೆ. ಇದಕ್ಕೆ ಬೆಚ್ಚಗಿನ ವಾತಾವರಣ ಬೇಕು. ನಾನು ಒಂದು ಬೆಳಿಗ್ಗೆ ಎರಡು ಬಿಳಿ ಹೂ ಕಿತ್ತು, ಒಂದನ್ನು ಕಿಟಕಿಯಲ್ಲಿ ನೀರಿನ ಲೋಟದಲ್ಲಿಟ್ಟೆ, ಇನ್ನೊಂದನ್ನು ಫ್ರಿಜ್ಜಿನಲ್ಲಿಟ್ಟೆ. ಮಧ್ಯಾಹ್ನ ಎರಡು ಗಂಟೆಗೆ ಕಿಟಕಿಯ ಹೂ ಗುಲಾಬಿಯಾಗಿತ್ತು, ಫ್ರಿಜ್ಜಿನದು ಬೆಳಗಿನಂತೆಯೇ ಬಿಳಿ. ಹೊರಗೆ ತೆಗೆದ ಮೇಲೆ ಅದೂ ನಿಧಾನವಾಗಿ ಬಣ್ಣ ತಿರುಗಿತು. ಹಾಲಿನ ಪಾತ್ರೆ ಪಕ್ಕ ಹೂ ಇಟ್ಟಿದ್ದಕ್ಕೆ ಅಮ್ಮಿಯಿಂದ ಬೈಸಿಕೊಂಡೆ, ಅದು ಬೇರೆ ಮಾತು.

ಈಗಿರುವುದು ನಮ್ಮ ಎರಡನೆಯ ಗಿಡ. ಮೊದಲನೆಯದನ್ನು ಕೊಂದವಳು ನಾನೇ. ದಾದಿ ತವರುಮನೆಯಿಂದ ತಂದ ಕಡ್ಡಿಯಿಂದ ಬೆಳೆಸಿದ ಗಿಡ ಅದು. ತವರಿನಲ್ಲಿ ಹಳೆಯ ಮನೆ ಕೆಡವಿ ಕಟ್ಟುವಾಗ ಮೂಲ ಗಿಡ ಹೋಯಿತು. ಉಳಿದಿದ್ದು ನಮ್ಮ ಕುಂಡದಲ್ಲಿದ್ದದ್ದು ಮಾತ್ರ. ನಾನು ಹತ್ತನೇ ತರಗತಿ ಪರೀಕ್ಷೆ ಮುಗಿಸಿದ ಬೇಸಿಗೆ. ಮಧ್ಯಾಹ್ನ ಎಲೆಗಳು ಜೋತು ಬಿದ್ದದ್ದು ನೋಡಿ, ಗಿಡಕ್ಕೆ ನೀರು ಸಾಲದು ಎಂದುಕೊಂಡು ಕುಂಡವನ್ನು ದಾದಿ ವುಝೂ ಮಾಡುವ ಜಾಗದ ಪಕ್ಕಕ್ಕೆ ಎಳೆದೆ. ದಿನಕ್ಕೆ ಐದು ಸಲ ನೀರು. ಮೇಲಿಂದ ನಾನು ಒಂದು ತಂಬಿಗೆ. ಎಲೆ ಇನ್ನೂ ಜೋತವು, ನಾನು ಇನ್ನೂ ಸುರಿದೆ. “ಇತ್ತಾ ಪಾನಿ ನಕ್ಕೋ ಬೇಟಿ” ಎಂದು ದಾದಿ ಹೇಳಿದ್ದರು. ಇಷ್ಟು ನೀರು ಬೇಡ ಮಗಳೇ ಎಂದು. ನಾನು ಕೇಳಲಿಲ್ಲ. ಮೂರು ವಾರದಲ್ಲಿ ಎಲೆ ಉದುರಿ ಬುಡ ಕಪ್ಪಾಯಿತು.

ನನಗೆ ಆಗ ತಿಳಿಯದೇ ಇದ್ದದ್ದು ಇದು. ಬೆಟ್ಟದಾವರೆಯ ಎಲೆ ಅಂಗೈಗಿಂತ ದೊಡ್ಡದು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಎಲೆಯಿಂದ ಹೋಗುವಷ್ಟು ನೀರನ್ನು ಬೇರು ಅದೇ ವೇಗದಲ್ಲಿ ಮೇಲೆ ಕಳಿಸಲಾರದು. ಮಣ್ಣು ಒದ್ದೆ ಇದ್ದರೂ ಮಧ್ಯಾಹ್ನ ಎಲೆ ಜೋಲುತ್ತದೆ, ಸಂಜೆ ತಾನೇ ನೆಟ್ಟಗಾಗುತ್ತದೆ. ಸಂಜೆಯೂ ಜೋತಿದ್ದರೆ ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಒದ್ದೆ ಇದ್ದೂ ಜೋತಿದ್ದರೆ ಬೇರು ಕೊಳೆಯುತ್ತಿದೆ ಎಂದರ್ಥ, ಆಗ ನೀರು ನಿಲ್ಲಿಸಬೇಕು.

ನಮ್ಮ ಕುಂಡದಲ್ಲಿ ಇದ್ದದ್ದು ಬರೀ ಎರೆಮಣ್ಣು. ಎರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಲಕ್ಕೆ ಒಳ್ಳೆಯದು, ಕುಂಡಕ್ಕೆ ಅಲ್ಲ. ಈಗ ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಕುರಿ ಗೊಬ್ಬರ ಹಾಕಿದ್ದೇವೆ. ಕುರಿ ಸಂತೆಯ ಊರಾದ ಅಮೀನಗಡದಲ್ಲಿ ಗೊಬ್ಬರಕ್ಕೆ ಬರವಿಲ್ಲ, ಆದರೆ ಹಸಿ ಗೊಬ್ಬರ ಬೇರು ಸುಡುತ್ತದೆ. ಆರು ತಿಂಗಳಾದರೂ ಹಳೆಯದಿರಲಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಗಿಡ ಸತ್ತ ದಿನ ದಾದಿ ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಎರಡು ದಿನ ಬಿಟ್ಟು ತುದಿಯ ಕೊಂಬೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ತೊಗಟೆಯ ಕೆಳಗೆ ಇನ್ನೂ ಹಸಿರಿತ್ತು. ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಮೂರು ಕಡ್ಡಿ ಕತ್ತರಿಸಿದೆವು. ಪ್ರತಿಯೊಂದಕ್ಕೂ ಮೂರು ನಾಲ್ಕು ಗಿಣ್ಣು ಇರುವಂತೆ ನೋಡಿಕೊಂಡು, ಎರಡು ಗಿಣ್ಣು ಒಳಗೆ ಹೋಗುವಂತೆ ಒದ್ದೆ ಉಸುಕಿನಲ್ಲಿ ನೆಟ್ಟು ನೆರಳಿನಲ್ಲಿಟ್ಟೆವು. ಎರಡು ಕೊಳೆತವು. ಒಂದು ತಿಂಗಳೊಳಗೆ ಮೂರನೆಯದು ಚಿಗುರಿತು.

ಉಳಿದ ಆರೈಕೆ ಹೆಚ್ಚಿಲ್ಲ. ಬೋರ್‌ವೆಲ್ಲಿನ ಸವಳು ನೀರಿಗೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಆದಷ್ಟು ಮಳೆ ನೀರು ಹಿಡಿದಿಡಿ. ಕುಡಿಯುವ ನೀರಿನ ಫಿಲ್ಟರ್ ಹೊರಹಾಕುವ ನೀರು ಬೇಡ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ಇರುವೆ ಸಾಲು ಹತ್ತುತ್ತಿದ್ದರೆ ಎಲೆಯ ಹಿಂದೆ ನೋಡಿ, ಬಿಳಿ ಹಿಟ್ಟು ತಿಗಣೆ ಇರಬಹುದು. ಹತ್ತಿ ಹೊಲ, ಬೆಂಡೆ ಗಿಡ ಹತ್ತಿರವಿದ್ದರೆ ಬೇಗ ಬರುತ್ತದೆ. ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಹೂ ಮಳೆಗಾಲ ಮುಗಿಯುವಾಗ ಶುರುವಾಗುತ್ತದೆ, ಅದೂ ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಚಳಿಗಾಲದ ಕೊನೆಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಬೇಕು. ಜುಲೈ ನಂತರ ಕತ್ತರಿ ಮುಟ್ಟಿಸಿದರೆ ಆ ವರ್ಷದ ಮೊಗ್ಗು ಹೋದಂತೆ.

ಇದನ್ನು ಹೂವಾಡಿಗರು ಮಾರುವುದಿಲ್ಲ. ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಕಾರಣ ಗೊತ್ತು: ಒಂದೇ ದಿನದಲ್ಲಿ ನೂರಕ್ಕೆ ನೂರು ಸವಕಳಿ! ಕಡ್ಡಿ ಮಾತ್ರ ಕೈಯಿಂದ ಕೈಗೇ ಹೋಗಬೇಕು. ಫೆಬ್ರವರಿಯಲ್ಲಿ ನಮ್ಮ ಗಿಡ ಕತ್ತರಿಸುತ್ತೇವೆ. ಬೇಕಾದವರು ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಗೆ ಬಂದು ಹೇಳಿ, ಕಡ್ಡಿ ಸುತ್ತಿಕೊಳ್ಳಲು ಒದ್ದೆ ಬಟ್ಟೆ ತನ್ನಿ.